ಹನ್ನೆರಡು ಹಾಸಿಗೆ ಖಾಲಿ ಮಾಡಿದ ಕೆಲಸ

ನಾನು ಕೆಲಸ ಬಿಟ್ಟು ಎರಡು ತಿಂಗಳಾಯಿತು. ನನಗಿನ್ನೂ ಮೂವತ್ತೈದು ತುಂಬಿಲ್ಲ. ನಿವೃತ್ತಿ ಎಂದರೆ ಕೇಳಿದವರು ನಗುತ್ತಾರೆ. ಬಿಟ್ಟ ಕಾರಣ ನನ್ನ ಸ್ವಂತದ್ದು, ಅದು ಇಲ್ಲಿ ಬೇಡ. ಹನ್ನೊಂದು ವರ್ಷ ಒಂದೇ ಕಡೆ ದುಡಿದವಳು ತನ್ನ ಜಾಗಕ್ಕೆ ಬರುವ ಹುಡುಗಿಗೆ ನಾಲ್ಕು ಮಾತು ಹೇಳಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಕಲಿಸಿದ್ದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಅದು ಅವಳಿಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ.

ರಾಮನಗರದ ಹತ್ತಿರ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಕೇಂದ್ರ ನಮ್ಮದು. ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿಲ್ಲದ, ಕುತ್ತಿಗೆ ನಿಲ್ಲದ, ಬೆನ್ನು ಬಾಗಿದ ಮಕ್ಕಳಿಗೆ ಅಲ್ಲಿ ಚಿಕಿತ್ಸೆ. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ ನೇರ ಅಲ್ಲಿಗೆ ಬಂದೆ. ಮಕ್ಕಳು ನನ್ನನ್ನು ಮಿಸ್ ಎಂದರು, ಅವರನ್ನು ನೋಡಿ ಊರವರೂ ಮಿಸ್ ಎಂದರು. ನಮ್ಮ ಮೇಲಿನವರು ಸಿಸ್ಟರ್ ಸಿಸಿಲಿ. ಕೇರಳದ ಕಡೆಯವರು, ಅರವತ್ತು ದಾಟಿದವರು. ಕನ್ನಡವನ್ನು ಚನ್ನಪಟ್ಟಣದ ತರಕಾರಿ ಸಂತೆಯಲ್ಲಿ ಕಲಿತಿದ್ದರು. ಹಾಗಾಗಿ ಪ್ರಾರ್ಥನೆ ಗ್ರಂಥದ ಕನ್ನಡದಲ್ಲಿ ಶುರುವಾದ ಮಾತು ಸಿಟ್ಟು ಬಂದರೆ ಸಂತೆಗೆ ಹೋಗಿ ನಿಲ್ಲುತ್ತಿತ್ತು.

ಮೊದಲ ದಿನ ನಾನು ಬಾಗಿಲ ಮೇಲೆ ನನ್ನ ಹೆಸರಿರುವ ಕೋಣೆ ಯಾವುದೆಂದು ಕೇಳಿದೆ. ಅವರು ಒಂದು ಹೆಲ್ಮೆಟ್ ಕೊಟ್ಟರು.

"ಕೋಣೆ ಯಾಕವ್ವಾ? ಮಕ್ಕಳು ಊರಲ್ಲವ್ರೆ. ಸ್ಕೂಟರ್ ಬರುತ್ತಾ?"

ಬರುತ್ತಿರಲಿಲ್ಲ. ಚಿಕಿತ್ಸೆಗಿಂತ ಮೊದಲು ಸ್ಕೂಟರ್ ಕಲಿತೆ.

ಮೊದಲ ವರ್ಷದ ನನ್ನ ತಪ್ಪುಗಳಲ್ಲಿ ಒಂದನ್ನು ಹೇಳಲೇಬೇಕು. ಬೈರಾಪಟ್ಟಣದ ಒಂದು ಮನೆಯಲ್ಲಿ ಎರಡು ವರ್ಷದ ಮಗುವಿಗೆ ಸೊಂಟದ ವ್ಯಾಯಾಮ ಬೇಕಿತ್ತು. ನಾನು ಇಡೀ ಸಂಜೆ ಕೂತು ಒಂದು ಹಾಳೆ ತಯಾರಿಸಿದೆ: ಚಿತ್ರ, ಬಾಣದ ಗುರುತು, ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ. ತಾಯಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಿಂಗಳು ಬಿಟ್ಟು ಹೋದಾಗ ಮಗು ಇದ್ದ ಹಾಗೇ ಇತ್ತು. ಹಾಳೆ ಮಾತ್ರ ದೇವರ ಪಟಗಳ ಪಕ್ಕದಲ್ಲಿ ಗೋಡೆಗೆ ಅಂಟಿತ್ತು. ನಾಲ್ಕು ಮೂಲೆಗೂ ಅರಿಶಿನ ಕುಂಕುಮ.

"ದಿನಾ ಕೈ ಮುಗೀತೀನಿ ಮಿಸ್," ಎಂದಳು ಆಕೆ. "ಇನ್ನೂ ಗುಣ ಕಾಣ್ನಿಲ್ಲ."

ನಗಬಾರದೆಂದು ತುಟಿ ಕಚ್ಚಿಕೊಂಡು ಹೊರಬಂದೆ. ಸಿಸ್ಟರ್ ಸಿಸಿಲಿಗೆ ಹೇಳಿದಾಗ ಅವರು ಕಣ್ಣೀರು ಬರುವಷ್ಟು ನಕ್ಕು, "ನೀನು ಆಕೆಗೆ ಪರೀಕ್ಷೆಯ ಕಾಗದ ಕೊಟ್ಟೆ, ಆಕೆ ಅದಕ್ಕೆ ಪೂಜೆ ಮಾಡಿದಳು. ಇಬ್ಬರದ್ದೂ ಸರಿಯೇ, ಮಗುವಿನ ಸೊಂಟಕ್ಕೆ ಏನಾಯ್ತು?" ಎಂದರು. ಅಂದಿನಿಂದ ಹಾಳೆ ಬಿಟ್ಟೆ. ಮಗುವಿಗೆ ಎಣ್ಣೆ ಹಚ್ಚುವಾಗ ಎಲ್ಲಿ ಒತ್ತಬೇಕು, ಸೊಂಟದಲ್ಲಿ ಎತ್ತಿಕೊಳ್ಳುವಾಗ ಕಾಲು ಹೇಗೆ ಅಗಲಿಸಬೇಕು, ನೀರು ಹಾಕುವಾಗ ಯಾವ ಮಗ್ಗುಲಿಗೆ ಮಲಗಿಸಬೇಕು ಎಂದು ತಾಯಿಯ ಕೈ ಹಿಡಿದು ಕಲಿಸತೊಡಗಿದೆ. ಬೈರಾಪಟ್ಟಣದ ಆ ಮಗು ಮೂರನೇ ವರ್ಷಕ್ಕೆ ಗೋಡೆ ಹಿಡಿದು ನಿಂತಿತು. ಹಾಳೆಯನ್ನು ಮಾತ್ರ ಆಕೆ ತೆಗೆಯಲಿಲ್ಲ. ನಿಂತದ್ದು ಅದರಿಂದಲೇ ಎಂದು ಈಗಲೂ ನಂಬಿದ್ದಾಳೆ.

ನಾನು ಸೇರಿದಾಗ ಕೇಂದ್ರದಲ್ಲಿ ಹನ್ನೆರಡು ಹಾಸಿಗೆಯ ಒಂದು ಹಾಸ್ಟೆಲ್ ಇತ್ತು. ದೂರದ ಹಳ್ಳಿಗಳ ಮಕ್ಕಳು ಅಲ್ಲೇ ಬೆಳೆಯುತ್ತಿದ್ದವು. ಹೊತ್ತಿಗೆ ಊಟ, ಹೊತ್ತಿಗೆ ಸ್ನಾನ, ಇಸ್ತ್ರಿ ಮಾಡಿದ ಬಟ್ಟೆ. ಬಂದವರೆಲ್ಲ ಹೊಗಳುತ್ತಿದ್ದರು. ಅದನ್ನು ಮುಚ್ಚುವುದೆಂದು ಸಿಸ್ಟರ್ ಸಿಸಿಲಿ ತೀರ್ಮಾನಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಭಾನುವಾರ ಮಗುವನ್ನು ನೋಡಲು ಬಂದ ತಾಯಿಯೊಬ್ಬಳು ಹಾಸಿಗೆಯ ಪಕ್ಕ ತುಂಬ ಹೊತ್ತು ನಿಂತಿದ್ದು, ಕೊನೆಗೆ ಕೇಳಿದಳು: "ಸಿಸ್ಟರ್, ಒಸಿ ಎತ್ಕೋಬೋದಾ?"

ಸಂಜೆ ಸಿಸ್ಟರ್ ನನ್ನನ್ನು ಕರೆದು, "ತನ್ನ ಮಗುವನ್ನು ಎತ್ತಿಕೊಳ್ಳಲು ನನ್ನ ಅಪ್ಪಣೆ ಕೇಳಿದಳು. ನಾನು ದೇವರಿಗೆ ಏನು ಉತ್ತರ ಕೊಡಲಿ?" ಎಂದರು. ಮುಂದಿನ ಎರಡು ವರ್ಷ ನನ್ನ ಕೆಲಸ ಹಾಸಿಗೆ ಖಾಲಿ ಮಾಡುವುದು. ಒಂದೊಂದು ಮನೆಗೂ ಹೋಗಿ, ಅವರಿಗೆ ಕಲಿಸಿ, ಧೈರ್ಯ ತುಂಬಿ, ಮಗುವನ್ನು ಮನೆಗೆ ಮುಟ್ಟಿಸುವುದು. ಮಾಗಡಿಯ ತಿಪ್ಪಸಂದ್ರದ ಒಬ್ಬ ಹುಡುಗನಿಗೆ ಅವನ ಚಿಕ್ಕಪ್ಪ ಹಳೆಯ ಸೈಕಲ್ಲಿನ ಗಾಲಿ ಹಾಕಿ ಗಾಡಿ ಮಾಡಿದ. ಕನಕಪುರದ ಕಡೆಯ ಒಬ್ಬಳು ಹೋಗುವಾಗ ಹಾಸ್ಟೆಲಿನ ದಿಂಬನ್ನು ತಬ್ಬಿಕೊಂಡು ಬಿಡಲೇ ಇಲ್ಲ; ದಿಂಬೂ ಹೋಯಿತು. ಹೀಗೆ ಹನ್ನೊಂದು ಮಕ್ಕಳು ಮನೆ ಸೇರಿದವು. ಉಳಿದವಳು ಭಾಗ್ಯ.

ಭಾಗ್ಯಳಿಗೆ ಒಂಬತ್ತು ವರ್ಷ. ಕೈಲಾಂಚದ ಹತ್ತಿರದ ಹಳ್ಳಿಯವಳು. ನಾಲ್ಕು ವರ್ಷದವಳಿದ್ದಾಗ ಬಂದಿದ್ದಳು. ಕೈಕಾಲು ಬಿಗಿಯುತ್ತಿದ್ದವು, ಒರಗಿಲ್ಲದೆ ಕೂರಲಾಗುತ್ತಿರಲಿಲ್ಲ, ಮಾತು ತೊದಲು, ಆದರೆ ಎಲ್ಲವೂ ಅರ್ಥವಾಗುತ್ತಿತ್ತು. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಹಾಸ್ಟೆಲ್ ಮುಚ್ಚಬೇಕು. ಅಷ್ಟರಲ್ಲಿ ಮನೆಯವರು ಒಪ್ಪದಿದ್ದರೆ ಅವಳನ್ನು ಬೆಂಗಳೂರಿನ ದೊಡ್ಡ ಆಶ್ರಮವೊಂದಕ್ಕೆ ಕಳಿಸಬೇಕಿತ್ತು. ಅಲ್ಲಿಗೆ ಬರೆದ ಕಾಗದ ಸಿಸ್ಟರ್ ಮೇಜಿನ ಮೇಲೆ ಸಹಿಗೆ ಕಾದಿತ್ತು. ಅಲ್ಲಿಗೆ ಹೋದರೆ ಅವಳನ್ನು ಮನೆಯವರು ವರ್ಷಕ್ಕೊಮ್ಮೆಯೂ ನೋಡುವುದು ಕಷ್ಟ. ಅದು ನಮಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವರದು ರೇಷ್ಮೆ ಹುಳು ಸಾಕುವ ಮನೆ. ನಾನು ಮೊದಲ ಸಲ ಹೋದ ದಿನವೇ ಎಡವಿದೆ. ದಾರಿಯಲ್ಲಿ ಸೊಳ್ಳೆ ಕಾಟವೆಂದು ಕೈಗೆ ಸೊಳ್ಳೆ ಮುಲಾಮು ಹಚ್ಚಿಕೊಂಡಿದ್ದೆ. ಭಾಗ್ಯಳ ಅಜ್ಜಿ ಕೆಂಪಮ್ಮ ಬಾಗಿಲಲ್ಲೇ ಮೂಗರಳಿಸಿ ತಡೆದರು.

"ಏನವ್ವಾ ಬಳ್ಕೊಂಡ್ ಬಂದಿದ್ದೀಯೆ?"

"ಸೊಳ್ಳೆಗೆ, ಅಜ್ಜಿ."

"ಸೊಳ್ಳೆ ಸಾಯೋ ವಾಸ್ನೆಗೆ ನಮ್ ಹುಳ ಬದುಕ್ತದಾ? ಜಗಲಿ ಮ್ಯಾಲೇ ಕೂತ್ಕೋ. ಒಳೀಕ್ ಬರ್ಬ್ಯಾಡ."

ಜಗಲಿಗೆ ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂತು, ಕಾಫಿ ಬಂತು. ಆಮೇಲೆ ಎರಡು ಸಲ ಏನೂ ಹಚ್ಚಿಕೊಳ್ಳದೆ ಹೋದೆ. ಆದರೂ ನನ್ನ ಜಾಗ ಆ ಕುರ್ಚಿಯೇ ಆಗಿಬಿಟ್ಟಿತ್ತು. ನಾನೂ ಒಳಗೆ ಬರಲೇ ಎಂದು ಕೇಳಲಿಲ್ಲ. ಕೇಳುವುದು ನನ್ನ ಸ್ವಭಾವವಲ್ಲ. ಭಾಗ್ಯಳ ತಂದೆ ಶಿವಣ್ಣ ಕಂಬಕ್ಕೊರಗಿ ನಿಂತು ಮಾತಾಡುತ್ತಿದ್ದರು. ತಾಯಿ ಜಯಮ್ಮ ಬಾಗಿಲ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದಳು.

"ಮಗೀನ ಬ್ಯಾಡ ಅಂತಿಲ್ಲ ಮಿಸ್," ಎಂದರು ಶಿವಣ್ಣ. "ಹುಳ ನಾಕ್ನೇ ಜ್ವರ ಎದ್ಮೇಲೆ ನಮಗೇ ಉಣ್ಣಕ್ಕೆ ಪುರ್ಸೊತ್ತಿಲ್ಲ. ಇವಳ್ನ ಯಾರು ನೋಡ್ಕತ್ತಾರೆ? ನಿಮ್ತಾವ ಸುಖ್ವಾಗವ್ಳೆ."

ಹುಳು ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಮನೆಯವರೆಲ್ಲ ಸೊಪ್ಪು ಕೊಯ್ಯುವುದು, ಹಾಕುವುದು, ಇಷ್ಟೇ. ಆದ್ದರಿಂದ ಎರಡು ಬೆಳೆಯ ನಡುವಿನ ಬಿಡುವಿನಲ್ಲಿ ಹದಿನೈದು ದಿನ ಅವಳನ್ನು ಇಟ್ಟುಕೊಂಡು ನೋಡಿ ಎಂದೆ. ತಾನಾಗಿ ಕೂರುವಂಥ ಕುರ್ಚಿ ಮಾಡಿಸಿಕೊಡುತ್ತೇನೆ, ಜಯಮ್ಮನ ಕೈ ಬಿಡುವಾಗುತ್ತದೆ ಎಂದೆ. ಶಿವಣ್ಣ ಒಪ್ಪಿದರು. ಒಪ್ಪಿದ ದನಿಯಲ್ಲಿ ನಂಬಿಕೆ ಇರಲಿಲ್ಲ.

ಕುರ್ಚಿಗಾಗಿ ಚನ್ನಪಟ್ಟಣದ ರಹಮತ್ ಸಾಬರ ಹತ್ತಿರ ಹೋದೆ. ಮೂರು ತಲೆಮಾರಿನಿಂದ ಬೊಂಬೆ ಮಾಡುವವರು. ನಮ್ಮ ಮಕ್ಕಳಿಗೆ ಗಿಲಕಿ, ಬಣ್ಣದ ಬಳೆ, ಕೈ ಬೆರಳು ಬಿಡಿಸುವ ಗೂಟ ಎಲ್ಲ ಅವರೇ ಮಾಡಿಕೊಡುತ್ತಿದ್ದರು. ಭಾಗ್ಯಳ ತೊಡೆ, ಬೆನ್ನು, ಮೊಣಕಾಲು, ಪಾದ ಎಲ್ಲದರ ಅಳತೆಯೂ ನನ್ನ ನಕ್ಷೆಯಲ್ಲಿತ್ತು. ಒರಗಿಗೆ ಎಷ್ಟು ಓರೆ, ನಡುವಿನ ಗೂಟ ಎಲ್ಲಿ, ಪಾದ ಇಡಲು ಹಲಗೆ ಎಲ್ಲಿ, ಮುಂದಿನ ತಟ್ಟೆಹಲಗೆ ಎಷ್ಟು ಎತ್ತರ ಎಂಬುದೂ ಇತ್ತು. ನಾನು ಮಾಡಿದ ನಕ್ಷೆಗಳಲ್ಲೇ ಅದು ಉತ್ತಮವಾದದ್ದು ಎಂದು ಒಳಗೊಳಗೇ ಹೆಮ್ಮೆಯಿತ್ತು.

ರಹಮತ್ ಸಾಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಅಲ್ಲಾ ಮೇಡಂ, ಇಷ್ಟ್ ಎತ್ತರ ಯಾಕೆ? ಅವ್ರ ಮನೇಲಿ ಊಟ ಎಲ್ಲಿ ಮಾಡ್ತಾರೆ, ಟೇಬಲ್ ಇದೆಯಾ?"

"ಮೊಣಕಾಲು ಸರಿಯಾದ ಕೋನದಲ್ಲಿ ಬರಬೇಕು ಸಾಬರೇ. ನಕ್ಷೆಯಲ್ಲಿದ್ದ ಹಾಗೆ ಮಾಡಿ."

"ನೀವು ಓದಿದವ್ರು, ನಾನು ಬೊಂಬೆ ಮಾಡೋನು," ಎಂದು ಮಾಡಿಕೊಟ್ಟರು. ಕಾಲುಗಳಿಗೆ ಕೆಂಪು ಹಳದಿ ಅರಗು ಹಚ್ಚಿದ್ದರು. ಅಷ್ಟು ಚಂದದ ಕುರ್ಚಿ ನಮ್ಮ ಚಾಪೆಲಿನಲ್ಲೂ ಇರಲಿಲ್ಲ.

ಭಾಗ್ಯ ಕುರ್ಚಿಯೊಂದಿಗೆ ಮನೆಗೆ ಹೋದಳು. ಮೂರನೇ ದಿನ ಶಿವಣ್ಣನ ಫೋನು.

"ಮಿಸ್, ಬಂದು ಕರ್ಕೊಂಡೋಗ್ಬುಡಿ. ಊಟನೇ ಮಾಡ್ತಿಲ್ಲ. ತುತ್ತಿಟ್ರೆ ಕೆಮ್ತಾಳೆ, ನೆತ್ತಿಗ್ ಹತ್ತಿ ಕಣ್ ಮೇಲಾಗ್ತವೆ. ನಮ್ ಕೈಲಾಗಕ್ಕಿಲ್ಲ."

ಹಾಸ್ಟೆಲಿನಲ್ಲಿ ಐದು ವರ್ಷ ಉಣ್ಣುವಾಗ ಕೆಮ್ಮದವಳು ಅಲ್ಲೇಕೆ ಕೆಮ್ಮಿದಳು? ನನಗೆ ಹೊಳೆಯಲಿಲ್ಲ. ಮರುದಿನ ಬರುತ್ತೇನೆ, ಅಲ್ಲಿಯವರೆಗೆ ಗಂಜಿಯನ್ನು ನಿಧಾನವಾಗಿ ಕುಡಿಸಿ ಎಂದೆ. ಸಿಸ್ಟರಿಗೆ ಹೇಳಿದೆ. ಅವರು ಮೇಜಿನ ಮೇಲಿದ್ದ ಕಾಗದವನ್ನು ನೋಡಿದರು, ಸಹಿ ಹಾಕಲಿಲ್ಲ. "ಮೊದಲು ನೋಡಿ ಬಾ," ಎಂದರಷ್ಟೆ. ಬೆಳಿಗ್ಗೆ ಸ್ಕೂಟರ್ ಬಿಟ್ಟು ಆಟೋ ಮಾಡಿಕೊಂಡು ಹೊರಟೆ. ಭಾಗ್ಯಳನ್ನು ವಾಪಸು ತರಬೇಕಿತ್ತಲ್ಲ.

ಅಂಗಳದಲ್ಲಿ ನೀರು ಕಾಯಿಸುವ ಹಂಡೆಯ ಒಲೆ ಉರಿಯುತ್ತಿತ್ತು. ಒಲೆಯ ಬಾಯಲ್ಲಿ ಕೆಂಪು ಹಳದಿ ಅರಗಿನ ಒಂದು ತುಂಡು ಕಟ್ಟಿಗೆ ಅರ್ಧ ಸುಟ್ಟಿತ್ತು. ಪಕ್ಕದಲ್ಲಿ ಅಂಥವೇ ಇನ್ನೂ ಮೂರು. ಯಾರನ್ನೂ ಕೇಳದೆ, ಮೊದಲ ಸಲ, ನಡುಮನೆಯೊಳಗೆ ಹೋದೆ.

ಎಲ್ಲರೂ ನೆಲದ ಮೇಲೆ ಸುತ್ತ ಕೂತು ಉಣ್ಣುತ್ತಿದ್ದರು. ಅವರ ನಡುವೆ, ಅವರಷ್ಟೇ ಎತ್ತರದಲ್ಲಿ, ಭಾಗ್ಯ. ಕುರ್ಚಿಯ ನಾಲ್ಕೂ ಕಾಲು ಕತ್ತರಿಸಿ ಹೋಗಿದ್ದವು. ಒರಗು ಇತ್ತು, ಪಕ್ಕದ ತಡೆ ಇತ್ತು. ಮೊಣಕಾಲ ಕೆಳಗೆ ಮಡಿಸಿದ ಗೋಣಿಚೀಲ. ತಟ್ಟೆಹಲಗೆ ಇದ್ದ ಕಡೆ ಒಂದು ಮಣೆ, ಅದರ ಮೇಲೆ ತಟ್ಟೆ. ಎದುರಿಗೆ ಜಯಮ್ಮ ಚಕ್ಕಳಮಕ್ಕಳ ಹಾಕಿ ಕೂತು ತೆಳ್ಳಗೆ ಕಲಸಿದ ಮುದ್ದೆಯನ್ನು ಸೊಪ್ಪಿನ ಸಾರಲ್ಲಿ ಅದ್ದಿ ಕೊಡುತ್ತಿದ್ದಳು. ಭಾಗ್ಯ ಗಲ್ಲ ಎದೆಗೆ ತಂದು ಬಾಯಿ ತೆರೆದಳು, ನುಂಗಿದಳು. ಕೆಮ್ಮಲಿಲ್ಲ. ನಾನು ಐದು ತುತ್ತು ಎಣಿಸಿದೆ.

"ಕಾಲು ಉದ್ದ ಆಗಿತ್ತು ಕಣವ್ವ," ಎಂದರು ಕೆಂಪಮ್ಮ, ಉಣ್ಣುವುದನ್ನು ನಿಲ್ಲಿಸದೆ. "ಕುಯ್ಸ್ ಹಾಕ್ದೆ."

"ನಮ್ಮವ್ವ ಒಂದೇ ಹಠ ಮಿಸ್," ಎಂದರು ಶಿವಣ್ಣ ನಾಚಿಕೆಯಿಂದ. "ಗರಗ್ಸ ತಂದು ಕೈಗ್ ಕೊಟ್ಟು, ಕುಯ್ತೀಯೋ ಇಲ್ವೋ ಅಂತ ಮುಂದೆ ನಿಂತ್ಬುಟ್ಳು."

"ಮೊನ್ನೆ ಯಾಕೆ ಕೆಮ್ಮುತ್ತಿದ್ದಳು ಜಯಮ್ಮ?" ಎಂದೆ.

ಜಯಮ್ಮ ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅವ್ಳು ಮೇಲ್ ಕೂತಿದ್ಲಲ್ಲಾ ಮಿಸ್, ನಾನ್ ನಿಂತ್ಕೊಂಡ್ ಉಣ್ಣಿಸ್ತಿದ್ದೆ."

"ಆ ಪ್ಲಾಸ್ಟಿಕ್ ಕುರ್ಚಿ ಇತ್ತಲ್ಲ, ಎದುರಿಗೆ ಹಾಕಿಕೊಂಡು ಕೂರಬಹುದಿತ್ತು."

"ಅಯ್ಯೋ! ಅತ್ತೆಮ್ಮ ನೆಲದ್ ಮ್ಯಾಲೆ ಕೂತಿರ್ವಾಗ ನಾನು ಕುರ್ಚಿ ಮ್ಯಾಲ್ ಕೂತ್ಕೊಳ್ಳಾ?"

ನಿಂತು ಉಣ್ಣಿಸಿದರೆ ಮಗು ತಲೆ ಎತ್ತಲೇಬೇಕು. ತಲೆ ಹಿಂದಕ್ಕೆ ಹೋದರೆ ಇಂಥ ಮಕ್ಕಳಿಗೆ ತುತ್ತು ಉಸಿರಿನ ದಾರಿಗೆ ಇಳಿಯುತ್ತದೆ. ಇದು ನನಗೆ ಪರೀಕ್ಷೆಯಲ್ಲಿ ಬಂದ ಪ್ರಶ್ನೆ. ಹಾಸ್ಟೆಲಿನಲ್ಲಿ ಆಯಾ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು, ಅದಕ್ಕೇ ತೊಂದರೆಯಾಗಲಿಲ್ಲ. ಸೊಸೆ ಕುರ್ಚಿಯಲ್ಲಿ ಕೂರದ ಮನೆಗೆ ನಾನು ಕುರ್ಚಿ ಕಳಿಸಿದ್ದೆ. ಮೂರು ಸಲ ಹೋಗಿದ್ದರೂ ಒಮ್ಮೆಯೂ ಅವರು ಕೂತು ಉಣ್ಣುವುದನ್ನು ನೋಡಿರಲಿಲ್ಲ, ಏಕೆಂದರೆ ಆ ಮನೆಯ ಒಂದೇ ಕುರ್ಚಿಯಲ್ಲಿ ಜಗಲಿಯ ಮೇಲೆ ನಾನೇ ಕೂತಿರುತ್ತಿದ್ದೆ.

ಭಾಗ್ಯ ಊಟ ಮುಗಿಸಿ ಹಾಸ್ಟೆಲಿನ ಅಭ್ಯಾಸದಂತೆ ಕಷ್ಟಪಟ್ಟು ಕೈ ಎತ್ತಿ ಹಣೆ, ಎದೆ, ಭುಜ ಮುಟ್ಟಿಕೊಂಡಳು. ಏನೆನ್ನುವರೋ ಎಂದು ನಾನು ಕೆಂಪಮ್ಮನ ಕಡೆ ನೋಡಿದೆ.

"ಅದೇನವ್ವಾ ಅವ್ಳು ಮಾಡೋದು?"

"ದೇವರಿಗೆ ಕೈ ಮುಗಿಯುವುದು ಅಜ್ಜಿ. ಅಲ್ಲಿ ಕಲಿತಿದ್ದಾಳೆ."

"ಮುಗೀಲಿ ಬುಡು. ಉಂಡಿದ್ದಕ್ಕೆ ಕೈ ಮುಗಿಯೋರು ಈ ಮನೇಲಿ ಬ್ಯಾರೆ ಯಾರವ್ರೆ?" ಎಂದು ಮಗನ ಕಡೆ ನೋಡಿದರು. ಶಿವಣ್ಣ ತಟ್ಟೆ ಎತ್ತಿಕೊಂಡು ಎದ್ದುಹೋದರು.

ಆಟೋ ಭಾಗ್ಯಳಿಲ್ಲದೆ ಹಿಂದಿರುಗಿತು. ದಾರಿಯಲ್ಲಿ ಚನ್ನಪಟ್ಟಣಕ್ಕೆ ಹೋಗಿ ರಹಮತ್ ಸಾಬರಿಗೆ ತಪ್ಪೊಪ್ಪಿಕೊಂಡೆ. ತಾವು ಹಚ್ಚಿದ ಅರಗು ಹಂಡೆ ಒಲೆಯಲ್ಲಿ ಉರಿದದ್ದಕ್ಕೆ ಬೇಸರವಾಗಬಹುದೆಂದು ಹೆದರಿದ್ದೆ. ಅವರು ಉಳಿ ಕೆಳಗಿಟ್ಟು ನಕ್ಕರು.

"ಮುಂದಿನ್ ಸಲ ಮಗೂದು ಅಳತೆ ತರ್ಬೇಡಿ ಮೇಡಂ, ಆ ಅಜ್ಜೀದ್ ಅಳತೆ ತನ್ನಿ!"

ಮರುವಾರ ಅವರೇ ತಮ್ಮ ಗಾಡಿಯಲ್ಲಿ ಕೈಲಾಂಚಕ್ಕೆ ಹೋಗಿ, ಒಂದು ಕಡೆ ವಾಲುತ್ತಿದ್ದ ಕುರ್ಚಿಯ ಅಡಿಯನ್ನು ಸಮ ಮಾಡಿ, ಚೂಪು ಮೂಲೆಗಳನ್ನು ಉಜ್ಜಿ ಬಂದರು. ಅದಾದ ಮೇಲೆ ನಮ್ಮಲ್ಲಿ ಮಾಡಿಸಿದ ಕುರ್ಚಿಗಳಲ್ಲಿ ಹೆಚ್ಚಿನವಕ್ಕೆ ಕಾಲೇ ಇಲ್ಲ. ಹೊಸ ಮನೆಗೆ ಹೋದರೆ ಮೊದಲು ಅವರ ಜೊತೆ ಒಂದು ಊಟ ಮಾಡಬೇಕೆಂಬುದು ನಮ್ಮ ನಿಯಮವಾಯಿತು. ನನ್ನ ಜಾಗಕ್ಕೆ ಬರುವವಳೇ, ಮುದ್ದೆ ನುಂಗಲು ಬಾರದಿದ್ದರೆ ಈಗಲೇ ಕಲಿತುಕೊ.

ಆದರೆ ಕುರ್ಚಿ ಕತ್ತರಿಸಿದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಹದಿನೈದು ದಿನ ಕಳೆದ ಮೇಲೂ ಶಿವಣ್ಣನದು ಇದೇ ಮಾತು: "ಬಿಡುವಲ್ಲಿ ಯಾರ್ ಬೇಕಾದ್ರೂ ನೋಡ್ಕೋಬೋದು ಮಿಸ್. ಹುಳ ಬರ್ಲಿ. ಹಣ್ಣಾಗೋ ದಿನ ಆಗ್ನಿಲ್ಲ ಅಂದ್ರೆ ನಿಮ್ಗೇ ಫೋನ್ ಮಾಡ್ತೀನಿ." ಹುಳು ಮೇಯುವುದು ಬಿಟ್ಟು ಗೂಡು ಕಟ್ಟಲು ತಯಾರಾಗುವುದಕ್ಕೆ ಹಣ್ಣಾಗುವುದು ಎನ್ನುತ್ತಾರೆ.

ಸಿಸ್ಟರ್ ಸಿಸಿಲಿ ತಾವೇ ಆ ಮನೆಗೆ ಬಂದರು. ಮಂಡಿ ನೋವಿನವರು, ನೆಲದ ಮೇಲೆ ಕೂರಲು ಗೋಡೆ ಹಿಡಿದು, ನನ್ನ ಭುಜ ಹಿಡಿದು, ಯೇಸುವೇ ಎನ್ನುತ್ತ ಕೂತರು. ಕೆಂಪಮ್ಮ ಅವರ ಅವಸ್ಥೆ ನೋಡಿ, "ನಿಮ್ಗೂ ಒಂದ್ ಕುರ್ಚಿ ಕುಯ್ಸ್‌ಲಾ?" ಎಂದರು. ಇಬ್ಬರು ಮುದುಕಿಯರೂ ಎಷ್ಟು ನಕ್ಕರೆಂದರೆ ಮಜ್ಜಿಗೆ ಚೆಲ್ಲಿತು. ಹೊರಡುವಾಗ ಸಿಸ್ಟರ್ ಶಿವಣ್ಣನಿಗೆ ಒತ್ತಾಯ ಮಾಡಲಿಲ್ಲ. "ಹುಳು ಹಣ್ಣಾಗುವವರೆಗೆ ನಾನು ಆ ಕಾಗದಕ್ಕೆ ಸಹಿ ಹಾಕುವುದಿಲ್ಲ. ಆಮೇಲೆ ನೀವು ಹೇಳಿದ ಹಾಗೆ," ಎಂದರು.

ಹುಳು ಬಂತು. ಒಂದೊಂದೇ ಜ್ವರ ಕಳೆಯಿತು. ನಾನು ವಾರಕ್ಕೊಮ್ಮೆ ಹೋಗುವುದನ್ನೂ ನಿಲ್ಲಿಸಿ ಫೋನಿಗೆ ಕಾದೆ. ಅವರು ಸೋತು ಕರೆದರೆ ಅದು ಅವರ ತಪ್ಪಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಫೋನ್ ಬರಲಿಲ್ಲ. ತಡೆಯಲಾರದೆ, ಭಾಗ್ಯಳ ಕಾಲಿನ ಬಿಗಿತ ನೋಡುವ ನೆಪ ಮಾಡಿಕೊಂಡು ಒಂದು ಬೆಳಿಗ್ಗೆ ಹೋದೆ. ಹೋದದ್ದು ಹುಳು ಹಣ್ಣಾದ ದಿನವೇ.

ಹಣ್ಣಾದ ಹುಳುವನ್ನು ಅಂದೇ ತಟ್ಟೆಯಿಂದ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಡಿಕೆಗೆ ಬಿಡಬೇಕು. ಇಲ್ಲದಿದ್ದರೆ ಸಿಕ್ಕಸಿಕ್ಕಲ್ಲಿ ಗೂಡು ಕಟ್ಟುತ್ತದೆ. ಅದಕ್ಕೆ ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ ಬರುತ್ತಾರೆ. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ನಾನು ಕೈಕಾಲು ತೊಳೆದು ಒಳಗೆ ಹೋದಾಗ ಹತ್ತು ಹನ್ನೆರಡು ಹೆಂಗಸರು ತಟ್ಟೆಗಳ ಸುತ್ತ ಕೂತಿದ್ದರು. ನಡುವೆ ಭಾಗ್ಯ.

ಅವಳ ಬೆರಳಿಗೆ ಹುಳು ಸಿಗುತ್ತಿರಲಿಲ್ಲ. ಆದರೆ ಕತ್ತು ಚಾಚಿ ಎಲ್ಲರ ತಟ್ಟೆ ನೋಡುತ್ತಿದ್ದಳು. "ಅಲ್ಲಿ! ಅಲ್ಲಿ!" ಎಂದು ಕೂಗುತ್ತಿದ್ದಳು.

"ಅಯ್ಯೋ ಮೇಸ್ತ್ರಮ್ಮಾ, ಕಾಣ್ತದೆ ಸುಮ್ಕಿರು," ಎಂದಳು ಪಕ್ಕದ ಮನೆಯವಳು.

"ಇಲ್ಲಾ! ಅಲ್ಲಿ!"

"ನಿನ್ ಮೊಮ್ಮಗ್ಳು ನಿನ್ನೇ ಮೀರಿಸ್ತಾಳೆ ಕೆಂಪಕ್ಕಾ. ಕೂಲಿ ಕೊಡದ್ರೊಳಗೆ ಬೈಗ್ಳ ಕೊಡ್ತಾಳೆ."

ಸತ್ಯ ಹೇಳಬೇಕೆಂದರೆ, ಅವಳು ತೋರಿಸಿದ್ದರಲ್ಲಿ ಅರ್ಧ ಹುಳು ಹಣ್ಣಾಗಿರಲಿಲ್ಲ. ಯಾರೂ ಅದನ್ನು ಲೆಕ್ಕಿಸಲಿಲ್ಲ. ನಾನು ಅವಳ ಹತ್ತಿರ ಬಗ್ಗಿ, "ಭಾಗ್ಯ, ಬಾ, ಹತ್ತು ನಿಮಿಷ ಕಾಲು ನೋಡೋಣ," ಎಂದೆ. ಹಾಸ್ಟೆಲಿನ ಐದು ವರ್ಷದಲ್ಲಿ ನಾನು ಕರೆದಾಗ ಅವಳು ಒಮ್ಮೆಯೂ ಒಲ್ಲೆ ಎಂದಿರಲಿಲ್ಲ.

"ಬ್ಯಾ...ಡ," ಎಂದಳು ಭಾಗ್ಯ, ನನ್ನ ಕಡೆ ತಿರುಗದೆ. "ನಾಳೆ ಬಾ ಮಿಸ್."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಎರಡೂ ಕೈಯಲ್ಲಿ ಚಂದ್ರಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಿವಣ್ಣ ನಗಲಿಲ್ಲ. ಮಗಳನ್ನೇ ನೋಡುತ್ತಿದ್ದರು. ಆಮೇಲೆ ನನಗೆ ಹೇಳಿದರು: "ಸಿಸ್ಟರಿಗೆ ಹೇಳ್ಬುಡಿ ಮಿಸ್. ಬೆಂಗ್ಳೂರಿನ್ ಕಾಗ್ದ ಹರ್ದಾಕ್ಲಿ."

"ನೀನ್ ಯಾಕ್ ನಿಂತ್ಕೊಂಡ್ ಅಳ್ತೀಯೆ?" ಎಂದು ಕೆಂಪಮ್ಮ ನನ್ನ ಮುಂದೆ ಒಂದು ತಟ್ಟೆ ತಳ್ಳಿದರು. "ಕೂತ್ಕೊಂಡು ಆಯಿ. ಹಳ್ದಿ ತಿರುಗ್ದೋವ್ನ ಮಾತ್ರ."

ನಾನು ನೆಲದ ಮೇಲೆ ಕೂತು ಮಧ್ಯಾಹ್ನದವರೆಗೆ ಹುಳು ಆಯ್ದೆ. ತಪ್ಪಿದಾಗಲೆಲ್ಲ ಭಾಗ್ಯ ಬೈದಳು. ಸಂಜೆ ಕೇಂದ್ರಕ್ಕೆ ಬಂದು ದಿನದ ವರದಿ ಬರೆಯಬೇಕಿತ್ತು. ಮಗುವಿನ ಹೆಸರು, ಊರು ಬರೆದೆ. ಚಿಕಿತ್ಸೆ ಕೊಡದಿದ್ದರೆ ಕಾರಣ ಬರೆಯಲು ಒಂದು ಕಾಲಮ್ ಇದೆ. ಅಲ್ಲಿ ಸಾಮಾನ್ಯವಾಗಿ ಜ್ವರ ಅಥವಾ ಮನೆಗೆ ಬೀಗ ಎಂದು ಬರೆಯುತ್ತಿದ್ದೆವು. ಅಂದು ಬರೆದೆ: "ಮಗು ಕೆಲಸದಲ್ಲಿತ್ತು. ನನಗೆ ನಾಳೆ ಬಾ ಎಂದಿತು."

ಸಿಸ್ಟರ್ ಸಿಸಿಲಿ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. ಆಮೇಲೆ ಆ ಸಾಲಿನ ಕೆಳಗೆ ಸಹಿ ಹಾಕಿದರು.